ಹಬ್ಬದೆಲೆಯ ಮುಂದಣ ಧರ್ಮ

ಅನ್ನವನ್ನು ನಿಂದಿಸಲಾಗದೆಂದೂ, ಅನ್ನವನ್ನು ಹೇರಳವಾಗಿ ಬೆಳೆಯಬೇಕೆಂದೂ, ಆಶ್ರಯವನ್ನರಸಿ ಮನೆಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಹಿಂದಿರುಗಿಸಲಾಗದೆಂದೂ ತೈತ್ತಿರೀಯೋಪನಿಷತ್ತು ವಿಧಿಸುತ್ತದೆ. ಬ್ರಹ್ಮವೆಂದರೇನೆಂದು ತಂದೆಯಾದ ವರುಣನನ್ನು ಕೇಳಿ, ಅವನ ಮಾತಿನಂತೆ ತಪಸ್ಸಿಗೆ ಕುಳಿತ ಭೃಗುವಿಗೆ ಮೊಟ್ಟಮೊದಲು ಹೊಳೆದ ಉತ್ತರ ಅನ್ನವೇ ಬ್ರಹ್ಮವೆಂಬುದು. ಆಮೇಲೆ ಅವನು ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದದವರೆಗೆ ಏರಿದನಾದರೂ, ಆ ಸೋಪಾನದ ಮೊದಲ ಮೆಟ್ಟಿಲನ್ನು ಉಪನಿಷತ್ತು ಎಲ್ಲಿಯೂ ತುಚ್ಛೀಕರಿಸಲಿಲ್ಲ. ಅನ್ನಕ್ಕೆ ಇಷ್ಟು ಉನ್ನತವಾದ ಸ್ಥಾನವನ್ನು ಕೊಟ್ಟ ಪರಂಪರೆಯೇ ಅತಿಭೋಜನವನ್ನು ಅಷ್ಟೇ ಕಟುವಾಗಿ ನಿಷೇಧಿಸಿದೆ: ಮಿತಿಮೀರಿ ಉಣ್ಣುವುದು ಆರೋಗ್ಯಕ್ಕೆ ವಿರೋಧಿ, ಆಯುಷ್ಯಕ್ಕೆ ವಿರೋಧಿ, ಸ್ವರ್ಗಕ್ಕೂ ಪುಣ್ಯಕ್ಕೂ ವಿರೋಧಿ, ಸಾಲದುದಕ್ಕೆ ಲೋಕದ ದೃಷ್ಟಿಯಲ್ಲಿಯೂ ನಿಂದ್ಯವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಬ್ರಹ್ಮಸ್ವರೂಪವೇ ಆದ ವಸ್ತು ಒಂದಿಷ್ಟು ಹೆಚ್ಚಾಗಿ ಹೊಟ್ಟೆಗೆ ಸೇರಿದ ಮಾತ್ರಕ್ಕೆ ಅದು ದೋಷವಾಗುವುದೆಂತು? ಪೂಜ್ಯವಾದದ್ದು ಅಧಿಕವಾದರೆ ಪೂಜೆಯೂ ಅಧಿಕವಾಗಬೇಡವೆ?

ವರ್ಷದ ಮಿಕ್ಕ ದಿನಗಳಲ್ಲಿ ಈ ಪ್ರಶ್ನೆ ಪಂಡಿತರ ಜಗಲಿಗೆ ಮೀಸಲಾಗಿ ಉಳಿದರೂ, ಶ್ರಾವಣ ಕಾಲಿರಿಸಿದೊಡನೆ ಅದು ಪ್ರತಿಯೊಬ್ಬ ಗೃಹಸ್ಥನ ಎಲೆಯ ಮುಂದೆ ಬಂದು ನಿಲ್ಲುತ್ತದೆ. ನಾಗರಪಂಚಮಿಯ ಅರಳು ತಂಬಿಟ್ಟುಗಳಿಂದ ಮೊದಲುಗೊಂಡು, ಗೋಕುಲಾಷ್ಟಮಿಯ ಚಕ್ಕುಲಿ ಉಂಡೆಗಳನ್ನೂ ಗೌರೀಗಣೇಶರ ಕಡುಬುಗಳನ್ನೂ ಮಹಾನವಮಿಯ ಪಾಯಸವನ್ನೂ ಹಾದು, ದೀಪಾವಳಿಯ ಹೋಳಿಗೆಯವರೆಗೆ ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತಿರಲು, ನಡುವಣ ಬಿಡುವಿನಲ್ಲಿ ಮದುವೆ ಗೃಹಪ್ರವೇಶಗಳ ಕರೆಯೋಲೆಗಳೂ ಸೇರಿಕೊಳ್ಳುತ್ತವೆ. ಎಷ್ಟು ಉಣ್ಣಬೇಕು, ಎಷ್ಟು ನಡೆಯಬೇಕು, ರಕ್ತದಲ್ಲಿ ಸಕ್ಕರೆ ಎಷ್ಟಿರಬೇಕು ಎಂಬುದನ್ನು ಇಂದು ವೈದ್ಯರು ಬರೆದುಕೊಡುತ್ತಾರೆ. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಮನುಷ್ಯ ಮೂರನೆಯ ಹೋಳಿಗೆಗೆ ಎಲೆಯನ್ನು ಒಡ್ಡುತ್ತಾನೆ. ಆದಕಾರಣ ಇಲ್ಲಿರುವ ಕೊರತೆ ತಿಳಿವಳಿಕೆಯದಲ್ಲವೆಂಬುದು ಸ್ಪಷ್ಟ. ಎಷ್ಟೆಂಬುದು ವೈದ್ಯಶಾಸ್ತ್ರದ ಮಾತು. ಏಕೆ ನಿಲ್ಲಿಸಬೇಕೆಂಬುದು ಧರ್ಮದ ಮಾತು. ಎರಡನೆಯದಕ್ಕೆ ಉತ್ತರ ದೊರೆಯದ ಹೊರತು ಮೊದಲನೆಯದರ ಲೆಕ್ಕ ಕೈ ಹಿಡಿಯಲಾರದು.

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಮೇಲೆ, ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ನಗರದ ಅಂಚೇ ಆಗಿಬಿಟ್ಟಿರುವ ಮಲವಗೊಪ್ಪ, ಈ ವಿಚಾರವನ್ನು ಮಾಡುವುದಕ್ಕೆ ಒಳ್ಳೆಯ ನೆಲೆ. ಚನ್ನಬಸವೇಶ್ವರನ ಗುಡಿ ಇಲ್ಲಿದೆ; ಸುತ್ತಣ ಸೀಮೆಯ ಕಬ್ಬನ್ನು ಅರೆದು ಸಕ್ಕರೆ ಮಾಡುತ್ತಿದ್ದ, ಈಗ ನಿಂತುಹೋಗಿರುವ, ತುಂಗಭದ್ರಾ ಸಕ್ಕರೆ ಕಾರ್ಖಾನೆಯೂ ಇಲ್ಲಿಯದೇ. ಇಲ್ಲಿಂದ ಮುಂದಕ್ಕೆ ನಡೆದರೆ, ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಮೈದಳೆದು 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಅದಕ್ಕೆ ಜೊತೆಯಾದ ಕಾಗದದ ಕಾರ್ಖಾನೆ. ಕಬ್ಬಿನ ಗದ್ದೆಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಜಲ್ಲೆ ಕಡಿಯುತ್ತಿದ್ದವನೂ, ಕುಲುಮೆಯ ಮುಂದೆ ರಾತ್ರಿಪಾಳಿಯನ್ನು ಕಳೆದು ಬಂದವನೂ ಹಬ್ಬದ ದಿನ ಐದು ಹೋಳಿಗೆಗಳನ್ನು ತುಪ್ಪದಲ್ಲಿ ನೆನೆಸಿ ತಿಂದರೆ ಅದನ್ನು ಅತಿಭೋಜನವೆಂದು ಕರೆಯುವ ಧೈರ್ಯ ಯಾವ ಸ್ಮೃತಿಕಾರನಿಗೂ ಇರಲಾರದು. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆಯಷ್ಟೆ. ಅದನ್ನು ಹೇಳಿದವನು ನೇಗಿಲನ್ನಾಗಲಿ ಸುತ್ತಿಗೆಯನ್ನಾಗಲಿ ಹಿಡಿದವನಲ್ಲವೆಂಬ ಶಂಕೆ ನನಗೆ. ಮೂರು ಹೊತ್ತು ಉಂಡೂ ಗಟ್ಟಿಮುಟ್ಟಾಗಿ ಬಾಳಿದವರ ಬೆವರಿನಿಂದಲೇ ಈ ಎರಡು ಊರುಗಳು ಬೆಳೆದವು.

ಹಾಗಾದರೆ ಮಿತಿಯೆಂಬುದು ತುತ್ತುಗಳ ಸಂಖ್ಯೆಯಲ್ಲಿಲ್ಲ. ದುಡಿಮೆಗೂ ಹಸಿವಿಗೂ ಊಟಕ್ಕೂ ಇರುವ ಪರಸ್ಪರ ಸಂಬಂಧದಲ್ಲಿದೆ. ಇಂದಿನ ಕಷ್ಟವೂ ಇಲ್ಲಿಯೇ. ಸಕ್ಕರೆ ಕಾರ್ಖಾನೆ ನಿಂತಿತು, ಕಾಗದದ ಯಂತ್ರಗಳು ನಿಂತವು, ಕಬ್ಬಿಣದ ಕಾರ್ಖಾನೆ ತನ್ನ ಹಿಂದಿನ ಗಾತ್ರದ ನೆರಳಾಯಿತು; ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಮೇಜಿನ ಮುಂದೆಯೋ ಅಂಗಡಿಯ ಗಲ್ಲೆಯ ಹಿಂದೆಯೋ ದಿನವಿಡೀ ಕುಳಿತು ಜೀವನವನ್ನು ಸಾಗಿಸುತ್ತಾರೆ; ಹಬ್ಬದ ಎಲೆ ಮಾತ್ರ ಅಜ್ಜನ ಅಳತೆಯಲ್ಲಿಯೇ ಉಳಿದಿದೆ. ಅಜ್ಜನಿಗೆ ವರ್ಷದಲ್ಲಿ ಕೆಲವೇ ದಿನ ದೊರೆಯುತ್ತಿದ್ದ ಸಿಹಿ ಮೊಮ್ಮಗನಿಗೆ ಬೇಕರಿಯ ಗಾಜಿನ ಹಿಂದೆ ದಿನವೂ ದೊರೆಯುತ್ತದೆ. ನಿತ್ಯದ ಊಟ ಬಡತನದ್ದಾಗಿದ್ದಾಗ ಹಬ್ಬದ ಊಟ ಒಂದು ಪರಿಹಾರವಾಗಿತ್ತು. ನಿತ್ಯವೂ ಹಬ್ಬವಾದವನಿಗೆ ಹಬ್ಬದ ದಿನದಂದು ಹೆಚ್ಚಿಸಿಕೊಳ್ಳುವುದಕ್ಕೆ ಪರಿಮಾಣವೊಂದನ್ನುಳಿದು ಬೇರೇನೂ ಇಲ್ಲ. ವಿಶೇಷವು ಸಾಮಾನ್ಯವಾದಾಗ ವಿಶೇಷವನ್ನು ಉಳಿಸಿಕೊಳ್ಳುವ ಹುಚ್ಚು ಪ್ರಯತ್ನವೇ ಅತಿಯೆಂದು ಹೇಳಬಹುದು.

ನಮ್ಮ ಪಂಚಾಂಗವನ್ನು ರಚಿಸಿದವರಿಗೆ ಈ ಅಪಾಯದ ಅರಿವು ಇದ್ದಿತೆನ್ನುವುದಕ್ಕೆ ಸಾಕ್ಷಿ ಪಂಚಾಂಗದಲ್ಲಿಯೇ ಇದೆ. ಹಬ್ಬಗಳು ದಟ್ಟವಾಗಿ ಬರುವ ಕಾಲ ಯಾವುದೋ ಅದೇ ಚಾತುರ್ಮಾಸ್ಯವ್ರತದ ಕಾಲ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದ ಉತ್ಥಾನದ್ವಾದಶಿಯವರೆಗೆ ಹರಡಿರುವ ಆ ನಾಲ್ಕು ತಿಂಗಳಲ್ಲಿ ವ್ರತಸ್ಥರು ಮೊದಲನೆಯ ತಿಂಗಳು ಶಾಕವನ್ನೂ, ಎರಡನೆಯ ತಿಂಗಳು ಮೊಸರನ್ನೂ, ಮೂರನೆಯ ತಿಂಗಳು ಹಾಲನ್ನೂ, ನಾಲ್ಕನೆಯ ತಿಂಗಳು ದ್ವಿದಳಧಾನ್ಯಗಳನ್ನೂ ಬಿಡುತ್ತಾರೆ. ತುಂಗೆಯೂ ಭದ್ರೆಯೂ ಕೂಡುವ ಕೂಡಲಿಯ ಮಠಗಳಲ್ಲಿಯೂ, ಸತ್ಯಧರ್ಮತೀರ್ಥರ ಬೃಂದಾವನವಿರುವ ಹೊಳೆಹೊನ್ನೂರಿನಲ್ಲಿಯೂ ಈ ನಿಯಮ ಇಂದಿಗೂ ಕೇವಲ ಗ್ರಂಥಸ್ಥವಲ್ಲ. ಆಯುರ್ವೇದ ಇದಕ್ಕೆ ಇನ್ನೊಂದು ಕಾರಣವನ್ನು ಕೂಡಿಸುತ್ತದೆ. ಜಠರಾಗ್ನಿ ಹೇಮಂತದಲ್ಲಿ ಪ್ರಬಲವಾಗಿಯೂ ವರ್ಷಾಕಾಲದಲ್ಲಿ ದುರ್ಬಲವಾಗಿಯೂ ಇರುವುದೆಂದು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯ ಹೇಳುತ್ತದೆ; ಮಲೆನಾಡಿನ ಸೆರಗಿನಲ್ಲಿ ಮಳೆ ಹಿಡಿದು ಕುಳಿತಾಗ ಹೊರಗೆ ಹೋಗಲಾರದೆ, ಹಸಿವೂ ಆಗದೆ, ಕರಿದ ತಿಂಡಿಗೆ ಮಾತ್ರ ನಾಲಗೆ ಚಾಚುವ ಅನುಭವ ಯಾರಿಗಿಲ್ಲ? ಅಗ್ನಿ ಕುಂದಿರುವ ಕಾಲದಲ್ಲಿಯೇ ಹಬ್ಬಗಳನ್ನಿರಿಸಿ, ಆ ಹಬ್ಬಗಳ ಸುತ್ತಲೂ ವ್ರತದ ಬೇಲಿಯನ್ನು ಕಟ್ಟಿದವರು ಭೋಗವನ್ನೂ ನಿಗ್ರಹವನ್ನೂ ಬೇರೆ ಬೇರೆ ಜನರಿಗೆ ಹಂಚಿಕೊಡಲಿಲ್ಲ. ಒಬ್ಬನೇ ಮನುಷ್ಯ ಎರಡನ್ನೂ ಒಂದೇ ಋತುವಿನಲ್ಲಿ ಕಲಿಯಲೆಂದು ಬಯಸಿದರು. ನಾವು ಬೇಲಿಯನ್ನು ಕಿತ್ತೆವು, ಹಬ್ಬವನ್ನು ಉಳಿಸಿಕೊಂಡೆವು.

ಊಟದ ವಿಧಿಯನ್ನೇ ನೋಡಿದರೂ ಇದೇ ಅಭಿಪ್ರಾಯ ಕಾಣುತ್ತದೆ. ಎಲೆಯ ಸುತ್ತ ನೀರು ಹರಿಸಿ ಪರಿಷೇಚನೆ ಮಾಡಿ, ಆಪೋಶನವನ್ನು ತೆಗೆದುಕೊಂಡು, ಐದು ಪ್ರಾಣಗಳಿಗೆ ಐದು ಆಹುತಿಗಳನ್ನಿತ್ತು ಆರಂಭವಾಗುವ ಊಟ, ಉತ್ತರಾಪೋಶನದಿಂದ ಮುಗಿಯುತ್ತದೆ. ಅದಾದ ಮೇಲೆ ಮತ್ತೊಂದು ತುತ್ತಿಗೆ ಅವಕಾಶವಿಲ್ಲ. ಸಾಮಾನ್ಯವಾಗಿ ಇದನ್ನು ಕೇವಲ ಆಚಾರವೆಂದು ಎಣಿಸುವವರುಂಟು. ಪ್ರಾಣಿಗಳ ದೇಹದಲ್ಲಿ ವೈಶ್ವಾನರನಾಗಿ ನೆಲಸಿ ಅನ್ನವನ್ನು ಪಚನಮಾಡುವವನು ತಾನೇ ಎಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಹೇಳುವ ಮಾತನ್ನು ಈ ಆಚಾರದ ಪಕ್ಕದಲ್ಲಿರಿಸಿದರೆ ಅದರ ಗಾಂಭೀರ್ಯ ಗೋಚರಿಸುತ್ತದೆ. ಹಸಿವು ದೇವರ ಅಗ್ನಿಯಾದರೆ ಊಟ ಹೋಮವಾಯಿತು. ಹೋಮಕ್ಕೆ ಸಂಕಲ್ಪವಿರುವಂತೆಯೇ ಪೂರ್ಣಾಹುತಿಯೂ ಇರಬೇಕು. ಕುಂಡದಲ್ಲಿ ಉರಿ ಏಳುವ ಮೊದಲೇ ಸೌದೆಯನ್ನು ಒಟ್ಟಿ ಕೊಡಗಟ್ಟಲೆ ತುಪ್ಪವನ್ನು ಸುರಿದರೆ ಹೊಗೆಯೇ ಫಲ. ಹಸಿವಿಲ್ಲದೆ ಉಣ್ಣುವವನೂ, ಹಸಿವು ತೀರಿದ ಮೇಲೆ ಉಣ್ಣುವವನೂ ದೇಹಕ್ಕೆ ಮಾಡುವ ಅಪಚಾರವನ್ನು ವೈದ್ಯರು ಎಣಿಸಲಿ. ಒಳಗಿರುವ ಅಗ್ನಿಗೆ ಅವನು ಮಾಡುವ ಅಪಚಾರವನ್ನು ಎಣಿಸುವುದು ಧರ್ಮದ ಕೆಲಸ. ಇಲ್ಲಿಗೆ ನಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ಅನ್ನ ಬ್ರಹ್ಮವಾದರೆ ಅದನ್ನು ಸ್ವೀಕರಿಸುವ ಹಸಿವೂ ಬ್ರಹ್ಮವೇ. ಒಂದನ್ನು ಪೂಜಿಸುವ ಭರದಲ್ಲಿ ಇನ್ನೊಂದನ್ನು ಮುಚ್ಚಿಹಾಕುವುದು ಪೂಜೆಯೆನಿಸಲಾರದು.

ಈ ಹಸಿವಿಗೆ ಎಷ್ಟು ಜಾಗವನ್ನು ಬಿಡಬೇಕೆಂಬ ವಿಷಯದಲ್ಲಿ ದೂರದೂರದ ಪರಂಪರೆಗಳು ಒಂದನ್ನೊಂದು ಕೇಳಿಕೊಂಡಂತೆ ಮಾತಾಡುತ್ತವೆ. ಚರಕಸಂಹಿತೆಯ ವಿಮಾನಸ್ಥಾನ ಹೊಟ್ಟೆಯನ್ನು ಮೂರು ಭಾಗ ಮಾಡಿ, ಒಂದನ್ನು ಘನಾಹಾರಕ್ಕೂ ಒಂದನ್ನು ದ್ರವಕ್ಕೂ ಬಿಟ್ಟು, ಮೂರನೆಯದನ್ನು ವಾತಪಿತ್ತಕಫಗಳ ಸಂಚಾರಕ್ಕೆ ತೆರವಾಗಿರಿಸುತ್ತದೆ. ಅಷ್ಟಾಂಗಹೃದಯದ ಕರ್ತೃವಾದ ವಾಗ್ಭಟನು ನಾಲ್ಕು ಭಾಗ ಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ಪಾನಕ್ಕೂ ಕೊಟ್ಟು, ಉಳಿದುದನ್ನು ವಾಯುವಿಗೆ ಬಿಡಿಸುತ್ತಾನೆ. ಹಠಯೋಗಪ್ರದೀಪಿಕೆಯೂ ಕಾಲುಭಾಗವನ್ನು ತೆರವಾಗಿ ಬಿಡುವಂತೆ ಹೇಳಿ, ಸ್ನಿಗ್ಧವೂ ಮಧುರವೂ ಆದ ಆ ಆಹಾರವನ್ನು ಶಿವನ ಪ್ರೀತಿಗಾಗಿ ಸೇವಿಸಬೇಕೆನ್ನುತ್ತದೆ; ಮಿತಾಹಾರವೆಂದರೆ ಸಪ್ಪೆಯ ಊಟವೆಂದು ತಿಳಿದವರು ಗಮನಿಸಬೇಕಾದ ಮಾತಿದು. ಇತ್ತ ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿ, ಹೊಟ್ಟೆಯ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ಪಾನಕ್ಕೆ, ಒಂದು ಉಸಿರಿಗೆ ಎಂದು ಪ್ರವಾದಿ ಮುಹಮ್ಮದರು ಹೇಳಿದರೆಂಬ ಉಪದೇಶವಿದೆ. ರಂಜಾನಿನ ಇಫ್ತಾರಿನ ತಟ್ಟೆಯ ಮುಂದೆ ಕುಳಿತ ಶಿವಮೊಗ್ಗೆಯ ಮುಸಲ್ಮಾನ ಬಂಧುವಿಗೂ, ದ್ವಾದಶಿಯ ಪಾರಣೆಗೆ ಕುಳಿತ ಹೊಳೆಹೊನ್ನೂರಿನ ಆಚಾರ್ಯರಿಗೂ ಎದುರಾಗುವ ಪರೀಕ್ಷೆ ಒಂದೇ ಎಂಬುದು ಇದರಿಂದ ತಿಳಿಯುತ್ತದೆ. ಉಪವಾಸ ಮುಗಿದ ಗಳಿಗೆಯಲ್ಲಿಯೇ ಉಪವಾಸದ ಫಲ ಉಳಿಯುವುದೋ ಕರಗುವುದೋ ನಿಶ್ಚಯವಾಗುತ್ತದೆ.

ಉಪವಾಸದ ಮಾತು ಬಂತು. ಹಬ್ಬದಲ್ಲಿ ಎರಡು ದಿನ ಮನಬಂದಂತೆ ಉಂಡು ಮೂರನೆಯ ದಿನ ನೀರನ್ನೂ ಮುಟ್ಟದೆ ಇದ್ದುಬಿಟ್ಟರೆ ಲೆಕ್ಕ ಸರಿಹೋಗುವುದೆಂಬ ನಂಬಿಕೆ ಹಿಂದೆಯೂ ಇತ್ತು, ಇಂದು ಹೊಸ ಹೆಸರುಗಳನ್ನು ಹೊತ್ತು ಇನ್ನೂ ಬಲವಾಗಿದೆ. ಏಕಾದಶಿಯ ಅಲ್ಪಾಹಾರ ಅವಲಕ್ಕಿ ಉಪ್ಪಿಟ್ಟು, ಸಾಬೂದಾನಿಯ ಖಿಚಡಿ, ಬಾಳೆಹಣ್ಣಿನ ರಸಾಯನಗಳಾಗಿ ಹಿಗ್ಗಿ, ನಿತ್ಯದ ಊಟವನ್ನೂ ನಾಚಿಸುವ ಬಗೆಯನ್ನು ಕಂಡಾಗ, ಮನುಷ್ಯನಿಗೆ ಏನನ್ನಾದರೂ ಬಿಡುವುದು ಸುಲಭ, ಎಲ್ಲಿಯಾದರೂ ನಿಲ್ಲಿಸುವುದು ಕಷ್ಟವೆನಿಸುತ್ತದೆ. ಈ ಸೂಕ್ಷ್ಮವನ್ನು ಜೈನಾಚಾರ್ಯರು ಚೆನ್ನಾಗಿ ಅರಿತಿದ್ದರು. ಇದೇ ಜಿಲ್ಲೆಯ ಹೊಂಬುಜದಲ್ಲಿ ಶತಮಾನಗಳಿಂದ ಬೆಳಗುತ್ತಿರುವ ಆ ಧರ್ಮ ಬಾಹ್ಯತಪಸ್ಸುಗಳನ್ನು ಎಣಿಸುವಾಗ ಅನಶನವನ್ನು ಮೊದಲು ಹೇಳಿ, ಅದರ ಬೆನ್ನಿಗೇ ಅವಮೌದರ್ಯವನ್ನು, ಎಂದರೆ ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದನ್ನು, ಬೇರೆಯೇ ಒಂದು ತಪಸ್ಸೆಂದು ಹೆಸರಿಸಿದೆ. ರಸಗಳನ್ನು ತ್ಯಜಿಸುವುದು ಮತ್ತೊಂದು. ಪೂರ್ತಿ ಬಿಡುವುದರಲ್ಲಿಯೇ ಕಡಿಮೆ ಮಾಡುವುದೂ ಅಡಕವಾಗಿದೆಯಷ್ಟೆ ಎಂದು ಅವರು ಭಾವಿಸಲಿಲ್ಲ. ಉಣದೆ ಇರುವವನಿಗೆ ಎದುರಾಳಿ ಹಸಿವೊಂದೇ. ಉಣ್ಣುತ್ತ ನಡುವೆ ನಿಲ್ಲಿಸುವವನಿಗೆ ಎದುರಾಳಿ ಆಗತಾನೆ ಎಚ್ಚೆತ್ತ ರುಚಿ. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು ಇದರಿಂದಲೇ.

ನಡುವೆ ನಿಲ್ಲಿಸುವ ಈ ವಿದ್ಯೆಯನ್ನು ಕಲಿಸಿದ ಒಂದು ಪ್ರಸಂಗ ಬೌದ್ಧರ ಸಂಯುತ್ತನಿಕಾಯದಲ್ಲಿ ಬರುತ್ತದೆ. ಕೋಸಲದ ಅರಸನಾದ ಪ್ರಸೇನಜಿತ್ತು ಒಂದು ದ್ರೋಣದಷ್ಟು ಅಕ್ಕಿಯ ಅನ್ನವನ್ನು ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನಂತೆ. ಬುದ್ಧನು ಅವನನ್ನು ಹಳಿಯಲಿಲ್ಲ, ಉಪವಾಸವನ್ನೂ ವಿಧಿಸಲಿಲ್ಲ. ಎಚ್ಚರದಿಂದಿದ್ದು ಅಳತೆಯನ್ನರಿತು ಉಣ್ಣುವವನ ನೋವುಗಳು ತಗ್ಗುವುವು, ಮುಪ್ಪು ಮೆಲ್ಲಗೆ ಬರುವುದು ಎಂಬ ಅರ್ಥದ ಒಂದು ಗಾಥೆಯನ್ನು ಹೇಳಿದನು. ಅರಸನು ಹತ್ತಿರದಲ್ಲಿದ್ದ ಸುದರ್ಶನನೆಂಬ ತರುಣನಿಗೆ ದಿನಕ್ಕೆ ನೂರು ಕಾರ್ಷಾಪಣಗಳನ್ನು ಗೊತ್ತುಮಾಡಿ, ತನ್ನ ಊಟದ ಹೊತ್ತಿನಲ್ಲಿ ಆ ಗಾಥೆಯನ್ನು ಹೇಳುತ್ತಿರುವಂತೆ ನೇಮಿಸಿದನು. ಕ್ರಮಕ್ರಮವಾಗಿ ಊಟ ಒಂದು ನಾಳಿಯ ಅಳತೆಗೆ ಇಳಿದು ಅರಸನ ಮೈ ಹಗುರಾಯಿತು. ರಾಜ್ಯವನ್ನು ಆಳಬಲ್ಲವನಿಗೆ ತನ್ನ ಕೈಯನ್ನು ತಾನೇ ತಡೆಯಲು ಇನ್ನೊಬ್ಬನ ದನಿ ಬೇಕಾಯಿತೆಂಬುದು ಇಲ್ಲಿ ಅವಮಾನದ ಸಂಗತಿಯಲ್ಲ. ರುಚಿ ಎಚ್ಚೆತ್ತಾಗ ವಿವೇಕ ಮಲಗುತ್ತದೆಂಬುದನ್ನು ಒಪ್ಪಿಕೊಂಡು ಅದಕ್ಕೆ ಮುಂಚಿತವಾಗಿ ಏರ್ಪಾಡು ಮಾಡಿಕೊಂಡ ಜಾಣ್ಮೆ ಅದು. ಪರಿಷೇಚನೆಯ ನೀರೂ, ಉತ್ತರಾಪೋಶನದ ನೀರೂ, ಊಟಕ್ಕೆ ಮುನ್ನ ಹೇಳುವ ಎಲ್ಲ ಮತಗಳ ಪ್ರಾರ್ಥನೆಗಳೂ ಸುದರ್ಶನನ ಕೆಲಸವನ್ನೇ ಸಂಬಳವಿಲ್ಲದೆ ಮಾಡುತ್ತವೆ.

ರುಚಿಯನ್ನೇ ಬಿಟ್ಟುಬಿಡುವುದು ಇದಕ್ಕಿಂತ ನೇರವಾದ ದಾರಿಯಲ್ಲವೆ ಎಂದು ಕೇಳಬಹುದು. ಮಹಾತ್ಮ ಗಾಂಧಿಯವರು ಆಶ್ರಮವ್ರತಗಳಲ್ಲಿ ಅಸ್ವಾದವನ್ನೂ ಸೇರಿಸಿದರು. ಔಷಧವನ್ನು ರುಚಿಗಾಗಿ ಸೇವಿಸದಂತೆ ಆಹಾರವನ್ನೂ ದೇಹಧಾರಣೆಗೆ ಬೇಕಾದಷ್ಟೇ ಸೇವಿಸಬೇಕೆಂಬುದು ಅವರ ಮತ. 1927ರ ಆಗಸ್ಟಿನಲ್ಲಿ ಅವರು ಶಿವಮೊಗ್ಗ ಭದ್ರಾವತಿಗಳಿಗೆ ಬಂದು ಹೋದವರಾದುದರಿಂದ ಈ ಸೀಮೆಗೆ ಅವರ ಮಾತು ಪರಕೀಯವಲ್ಲ. ಆದರೂ ಹಬ್ಬದ ವಿಷಯದಲ್ಲಿ ಆ ಮಹಾಪುರುಷರ ವ್ರತವನ್ನು ಗೌರವದಿಂದ ಬದಿಗಿರಿಸಬೇಕಾಗುತ್ತದೆ. ಔಷಧವನ್ನು ಯಾರೂ ನಂಟರೊಡನೆ ಪಂಕ್ತಿಯಲ್ಲಿ ಕುಳಿತು ಸೇವಿಸುವುದಿಲ್ಲ. ಔಷಧವನ್ನು ದೇವರಿಗೆ ನೈವೇದ್ಯ ಮಾಡುವುದಿಲ್ಲ. ತೀರಿಕೊಂಡ ತಾಯಿಯ ಕೈರುಚಿಯನ್ನು ಔಷಧದಲ್ಲಿ ನೆನೆಯುವುದಿಲ್ಲ. ಹೂರಣದ ಹದ, ಏಲಕ್ಕಿಯ ಕಂಪು, ಕಾಯಿಸಿದ ತುಪ್ಪದ ಪರಿಮಳಗಳನ್ನು ಗಮನಿಸದೆ ನುಂಗುವವನು ಮಾಡಿದವರ ಶ್ರಮಕ್ಕೂ ಕೃತಘ್ನನಾಗುತ್ತಾನೆ. ನಿಜವಾಗಿ ನೋಡಿದರೆ ಅತಿಭೋಜನನಿಷ್ಠನು ಸ್ವಾದವನ್ನು ಹೆಚ್ಚಾಗಿ ಅರಿತವನಲ್ಲ. ಮೊದಲ ಹೋಳಿಗೆಯನ್ನು ಸವಿಯುವಾಗಲೇ ಅವನ ಕಣ್ಣು ಎರಡನೆಯದರ ಮೇಲಿರುತ್ತದೆ. ಅಷ್ಟಾಂಗಹೃದಯದ ಮಾತ್ರಾಶಿತೀಯಾಧ್ಯಾಯದಲ್ಲಿ ವಾಗ್ಭಟನು ಗುರುವಾದ ಪದಾರ್ಥಗಳನ್ನು ತೃಪ್ತಿಯ ಅರ್ಧದಷ್ಟಕ್ಕೆ ನಿಲ್ಲಿಸಬೇಕೆಂದೂ, ಲಘುವಾದುವನ್ನು ಅತಿತೃಪ್ತಿಗೆ ಹೋಗದಂತೆ ಉಣ್ಣಬೇಕೆಂದೂ ಹೇಳಿದ್ದಾನೆ. ಹೋಳಿಗೆಯನ್ನು ಅವನು ನಿಷೇಧಿಸಲಿಲ್ಲ. ಅನ್ನ ಸಾರಿಗೆ ಒಂದು ಅಳತೆ, ಹೋಳಿಗೆಗೆ ಇನ್ನೊಂದು ಅಳತೆಯೆಂದು ತಿಳಿಸಿದನು.

ಅಳತೆಯ ಪ್ರಶ್ನೆಯನ್ನು ದೇಹದಿಂದ ಮೇಲೆತ್ತಿ ಧರ್ಮದ ನಡುಮನೆಗೆ ತಂದವರು ನಮ್ಮ ಶರಣರು. ಅಲ್ಲಮನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ಅಕ್ಕ ಹಸಿವು ತೃಷೆ ನಿದ್ದೆಗಳನ್ನು ಎದುರು ನಿಂತ ವ್ಯಕ್ತಿಗಳಂತೆ ಕರೆದು, ತಾನು ಚೆನ್ನಮಲ್ಲಿಕಾರ್ಜುನನ ಕೆಲಸದ ಮೇಲೆ ಅವಸರದಲ್ಲಿರುವೆನಾದ್ದರಿಂದ ತಡೆಯಬೇಡಿರೆಂದು ಬೇಡಿಕೊಂಡಳು. ಅದು ವಿರಕ್ತೆಯ ಮಾರ್ಗ. ಗೃಹಸ್ಥರಿಗೆ ಹೆಚ್ಚು ಸಮೀಪವಾದದ್ದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಇಷ್ಟು ಆಸೆ ಭಕ್ತರಿಗೆ ಸಲ್ಲದೆಂದು ಹೇಳಿ, ಮಿಕ್ಕುದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೇ ಸಲ್ಲುವಂಥದು. ಆದರೂ ಆಕೆಯ ಕಣ್ಣಿಗೆ ಅದು ಹೆಚ್ಚು. ನಾಳೆಯ ಭಯವೂ ಇಂದಿನ ಲೋಭವೂ ಆ ಹೆಚ್ಚುವರಿಯಲ್ಲಿ ಅಡಗಿದ್ದುವು. ಮನೆಯ ಮಡಕೆಗೆ ಅನ್ವಯಿಸಿದ ಈ ವಿವೇಕವನ್ನು ನಾವು ಎಲೆಗೂ ಅನ್ವಯಿಸಿಕೊಳ್ಳಬಹುದು. ಲಿಂಗಕ್ಕೆ ಅರ್ಪಿಸಿ ಪಡೆದ ಪ್ರಸಾದವನ್ನು ತಟ್ಟೆಯಲ್ಲಿ ಬಿಡಲಾಗದೆಂಬುದು ವೀರಶೈವರ ನಿಯಮ. ಬಿಡಲಾಗದೆಂದಮೇಲೆ ಬೇಕಾದಷ್ಟನ್ನೇ ಕೇಳಿ ಹಾಕಿಸಿಕೊಳ್ಳಬೇಕಾಯಿತು. ಮಿತಿಯ ಯೋಚನೆ ಊಟದ ಕೊನೆಗೆ ಬಾರದೆ ಮೊದಲಿಗೇ ಬರುವಂತೆ ಮಾಡಿದ ನಿಯಮವಿದು.

ಇಷ್ಟನ್ನೂ ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಮಿತಾಹಾರದ ಉಪದೇಶಕನಿಗೆ ಅಂಟಿಕೊಳ್ಳುವ ರೋಗವೊಂದುಂಟು. ಅದು ಪರರ ಎಲೆಯನ್ನು ನೋಡುವ ರೋಗ. ಭಾದ್ರಪದ ಚೌತಿಯ ಕಥೆಯನ್ನು ಸ್ಮರಿಸಿರಿ. ಭಕ್ತರು ಕೊಟ್ಟ ಕಡುಬುಗಳನ್ನೆಲ್ಲ ತಿಂದು ಇಲಿಯನ್ನೇರಿ ಹೊರಟ ಗಣಪತಿ ಎಡವಿ ಬಿದ್ದು, ಹೊಟ್ಟೆ ಬಿರಿದು, ಹಾವನ್ನು ಸುತ್ತಿಕೊಂಡು ಮೇಲೆದ್ದಾಗ ಆಕಾಶದಲ್ಲಿದ್ದ ಚಂದ್ರ ನಕ್ಕನಷ್ಟೆ. ಅತಿಯಾಗಿ ತಿಂದವನನ್ನು ಪುರಾಣ ಶಿಕ್ಷಿಸಲಿಲ್ಲ. ಹೊಟ್ಟೆಯ ಬಿರುಕನ್ನೇ ಸಾಕಾದ ಶಿಕ್ಷೆಯೆಂದು ಬಿಟ್ಟಿತು. ಶಾಪ ತಗಲಿದ್ದು ನಕ್ಕವನಿಗೆ. ಇಂದಿಗೂ ಆ ರಾತ್ರಿ ಜನ ಅವನ ಮುಖವನ್ನು ನೋಡುವುದಿಲ್ಲ. ಸ್ಥೂಲಕಾಯನನ್ನು ಕಂಡು ಹಾಸ್ಯ ಮಾಡುವವನ ದೋಷ ಹೊಟ್ಟೆಬಾಕತನಕ್ಕಿಂತ ದೊಡ್ಡದೆಂದು ತೀರ್ಮಾನಿಸಿದ ಈ ಕಥೆ ಹಬ್ಬದ ಮನೆಯಲ್ಲಿ ಹಿರಿಯರೂ ನಂಟರೂ ಮಕ್ಕಳ ಮೈಯನ್ನು ಕುರಿತು ಆಡುವ ಮಾತುಗಳಿಗೆ ಮದ್ದಾಗಬಲ್ಲದು. ಭೀಮಸೇನನ ಮೇಲೆಯೂ ನಮ್ಮವರು ಇದೇ ದಾಕ್ಷಿಣ್ಯವನ್ನು ತೋರಿಸಿದ್ದಾರೆ. ಹೊಟ್ಟೆಯಲ್ಲಿ ವೃಕವೆಂಬ ಅಗ್ನಿಯಿರುವ ತನಗೆ ಏಕಾದಶಿಗಳ ಉಪವಾಸ ಅಸಾಧ್ಯವೆಂದು ಅವನು ಮೊರೆಯಿಡಲು, ಜ್ಯೇಷ್ಠ ಶುದ್ಧ ಏಕಾದಶಿಯೊಂದನ್ನು ನೀರಿಲ್ಲದೆ ಆಚರಿಸೆಂದು ವ್ಯಾಸರು ದಾರಿ ತೋರಿದರು. ದೇಹಗಳು ಬೇರೆ ಬೇರೆಯಾಗಿರುವಾಗ ವ್ರತವೂ ಒಂದೇ ಅಚ್ಚಿನದಾಗಿರಬೇಕಿಲ್ಲ. ಮಧುಮೇಹವಿರುವವರೂ, ಬಸುರಿ ಬಾಣಂತಿಯರೂ, ವೃದ್ಧರೂ ಉಪವಾಸಕ್ಕೆ ತೊಡಗುವ ಮೊದಲು ವೈದ್ಯರ ಮಾತು ಕೇಳುವುದು ವ್ರತಭಂಗವಲ್ಲವೆಂಬುದಕ್ಕೆ ಈ ಪ್ರಸಂಗವೇ ಪ್ರಮಾಣ.

ಇನ್ನುಳಿದದ್ದು ನಮ್ಮ ಪ್ರಶ್ನೆಯ ಉತ್ತರಾರ್ಧ. ತಮಗಾಗಿ ಮಾತ್ರ ಅಡುಗೆ ಮಾಡಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆಂದು ಗೀತೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಈ ಮಾತಿನ ಅತ್ಯಂತ ಸುಂದರವಾದ ಭಾಷ್ಯವನ್ನು ಬರೆದವರು ಶಿವಮೊಗ್ಗ ಸೀಮೆಯ ಒಕ್ಕಲುಮಕ್ಕಳು. ಅವರು ಅದನ್ನು ಓಲೆಯ ಮೇಲೆ ಬರೆಯದೆ ಗದ್ದೆಯ ಮೇಲೆ ಬರೆದರು. ಆಶ್ವಯುಜದ ಹುಣ್ಣಿಮೆಗೆ, ಬತ್ತದ ಪೈರು ಹೊಡೆಯೊಡೆದು ತೆನೆ ಕಟ್ಟುವ ಕಾಲಕ್ಕೆ, ಭೂಮಿತಾಯಿಯನ್ನು ಗರ್ಭಿಣಿಯೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವ ಹಬ್ಬವೇ ಭೂಮಿ ಹುಣ್ಣಿಮೆ. ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಯ ಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ, ರಾತ್ರಿಯಿಡೀ ಎಚ್ಚರವಿದ್ದು ಬೇಯಿಸಿದ ಅಡುಗೆಯನ್ನು ಹೊತ್ತು ನಸುಕಿನಲ್ಲಿಯೇ ಗದ್ದೆಗೆ ಹೋಗುತ್ತಾರೆ. ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಮಾಡಿದ ಅಚ್ಚಂಬಲಿಯನ್ನು ಪೈರಿನ ಮೇಲೆ ಬೀರಿ, ಕಡುಬೊಂದನ್ನು ಮಣ್ಣಿನಲ್ಲಿ ಹೂತು, ಪೂಜೆ ಮುಗಿದ ಮೇಲೆ ಗದ್ದೆಯಲ್ಲಿಯೇ ಕುಳಿತು ಎಲ್ಲರೂ ಉಣ್ಣುತ್ತಾರೆ. ಮೊದಲು ಭೂಮಿ ಉಂಡಿತು, ಕಾಗೆಗೂ ಇಲಿಗೂ ಪಾಲು ಸಂದಿತು, ಆಮೇಲೆ ಮನುಷ್ಯನ ಸರದಿ. ಈ ಸರದಿಯಲ್ಲಿ ನಿಂತವನಿಗೆ ತಾನು ಉಣ್ಣುವವರಲ್ಲಿ ಒಬ್ಬನೇ ಹೊರತು ಒಬ್ಬನೇ ಉಣ್ಣುವವನಲ್ಲವೆಂಬ ಅರಿವು ಉಪದೇಶವಿಲ್ಲದೆ ಬರುತ್ತದೆ. ಜೊತೆಗೆ ಬುಟ್ಟಿಯನ್ನು ಹೊತ್ತು ಬದುವಿನ ಮೇಲೆ ನಡೆದ ನಡಿಗೆಯೂ ಅವನ ಹಸಿವಿಗೆ ನ್ಯಾಯವನ್ನು ಒದಗಿಸಿರುತ್ತದೆ.

ದ್ರೌಪದಿಯ ಅಕ್ಷಯಪಾತ್ರೆಯ ಅಂಚಿನಲ್ಲಿ ಅಂಟಿಕೊಂಡಿದ್ದ ಸೊಪ್ಪಿನ ಚೂರೊಂದನ್ನು ಶ್ರೀಕೃಷ್ಣ ಬಾಯಿಗಿಟ್ಟುಕೊಂಡಾಗ, ದೂರದ ಹೊಳೆಯಲ್ಲಿ ಸ್ನಾನಕ್ಕಿಳಿದಿದ್ದ ದುರ್ವಾಸರೂ ಅವರ ಶಿಷ್ಯಗಣವೂ ತೃಪ್ತಿಯಿಂದ ತೇಗಿದರೆಂಬ ಕಥೆಯೂ ಈ ತತ್ತ್ವವನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ತೃಪ್ತಿ ಪರಿಮಾಣಕ್ಕೆ ಅಧೀನವಾಗಿದ್ದರೆ ಒಂದು ಚೂರಿನಿಂದ ಅದು ಸಾಧ್ಯವಾಗುತ್ತಿರಲಿಲ್ಲ. ಉಂಡವನು ತನ್ನ ಹೊಟ್ಟೆಯೊಂದಕ್ಕಾಗಿ ಉಂಡಿದ್ದರೆ ಅದು ಇತರರಿಗೆ ಹರಡುತ್ತಲೂ ಇರಲಿಲ್ಲ. ಈಗ ಮೊದಲ ಪ್ರಶ್ನೆಗೆ ಪೂರ್ಣವಾಗಿ ಉತ್ತರಿಸಬಹುದು. ಅನ್ನ ಬ್ರಹ್ಮವಾದುದರಿಂದಲೇ ಅತಿ ದೋಷ. ಬ್ರಹ್ಮವೆಂಬುದು ಎಲ್ಲರದು, ಎಲ್ಲರದನ್ನು ಒಬ್ಬನೇ ತನ್ನದಾಗಿಸಿಕೊಳ್ಳಲು ಹೊರಟ ಕ್ಷಣದಲ್ಲಿ ಅವನ ಎಲೆಯ ಮೇಲಿರುವುದು ಬರಿಯ ಪದಾರ್ಥವಾಗುತ್ತದೆ. ಮಿತಿಯನ್ನರಿತು ಉಣ್ಣುವವನು ಅನ್ನವನ್ನು ಬ್ರಹ್ಮವಾಗಿಯೇ ಉಳಿಸಿಕೊಳ್ಳುತ್ತಾನೆ.

ಇದನ್ನು ಆಚರಣೆಗೆ ತರುವುದಕ್ಕೆ ಸನ್ಯಾಸ ಬೇಕಾಗಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಸಂಕೋಚ ಮಾಡಿಕೊಳ್ಳಬೇಡಿರೆಂದು ಒತ್ತಾಯಿಸುವುದೂ, ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದೂ ನಮ್ಮ ಸೌಜನ್ಯದ ಹಳೆಯ ನಾಟಕ. ಬರಗಾಲಗಳನ್ನು ಕಂಡ ಜನಾಂಗಕ್ಕೆ ಆ ಒತ್ತಾಯ ಪ್ರೀತಿಯ ಭಾಷೆಯಾಗಿತ್ತು. ಈಗ ಒಮ್ಮೆ ಕೇಳಿ ಸುಮ್ಮನಾಗುವುದೇ ಹೆಚ್ಚಿನ ಪ್ರೀತಿ. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂದೂ, ಹಸಿವಿಲ್ಲದೆ ಉಣ್ಣಬಾರದೆಂದೂ ಸರ್ವಜ್ಞ ಹೇಳಿದ್ದನ್ನು ನಮ್ಮ ಹಿರಿಯರು ಪಾಲಿಸುತ್ತಿದ್ದರು. ಗುಡಿಯ ಪ್ರದಕ್ಷಿಣೆ, ಜಾತ್ರೆಗೆ ಕಾಲುನಡಿಗೆ, ರಥಸಪ್ತಮಿಯ ಸೂರ್ಯನಮಸ್ಕಾರಗಳೂ ಹಬ್ಬದ ಅಂಗಗಳೇ ಆಗಿದ್ದುವು. ಮನೆಯ ಮುಂದಿನಿಂದ ಗುಡಿಯ ಮುಂದಕ್ಕೆ ವಾಹನದಲ್ಲಿ ಹೋಗಿ ಬರುವವನು ದೇವರಿಗೆ ಸಲ್ಲಬೇಕಾದ ನಡಿಗೆಯನ್ನು ಉಳಿಸಿಕೊಂಡಿದ್ದಾನೆ. ಅದನ್ನು ಅವನು ಹೆದ್ದಾರಿಯ ಗದ್ದಲವನ್ನು ಬಿಟ್ಟು ಗದ್ದೆಯ ದಾರಿಯಲ್ಲಿಯಾದರೂ ತೀರಿಸಲಿ. ಬಡಿಸುವವರು ಕೇಳಿ ಬಡಿಸಲಿ, ಉಣ್ಣುವವರು ತಮ್ಮ ಹಸಿವನ್ನು ಕೇಳಿ ಉಣ್ಣಲಿ, ಮಿಕ್ಕ ಅಡುಗೆ ಹಳಸುವ ಮೊದಲೇ ಹಸಿದವರನ್ನು ಸೇರಲಿ. ಇಷ್ಟು ನಡೆದ ಮನೆಯಲ್ಲಿ ಹಬ್ಬದ ಮರುದಿನ ಪ್ರಾಯಶ್ಚಿತ್ತದ ಉಪವಾಸಕ್ಕೆ ಕಾರಣವಿರುವುದಿಲ್ಲ. ಎಂದಿನಂತೆ ಹಸಿವಾಗುತ್ತದೆ, ಎಂದಿನ ಊಟ ರುಚಿಸುತ್ತದೆ.